ಪ್ರಿಸೈಸ್: ಐದು ಅಂಕಗಳ ಆತ್ಮವಿಶ್ವಾಸ

ಪ್ರಾಸ್ಟೇಟ್ ಕ್ಯಾನ್ಸರ್ ಆರಂಭದ ಹಂತದಲ್ಲಿದ್ದು ಅಪಾಯ ಕಡಿಮೆಯಿದ್ದರೆ ಆಪರೇಷನ್ನೂ ರೇಡಿಯೇಷನ್ನೂ ಬೇಡ, ನಿಗಾ ಸಾಕು ಎನ್ನುವುದು ಈಗ ಇತ್ಯರ್ಥವಾದ ಮಾತು. ನನ್ನ ತಕರಾರಿರುವುದು ಆ ನಿಗಾವನ್ನು ಎಂಆರ್‌ಐ ಕೈಗೆ ಒಪ್ಪಿಸಿ ನಿಶ್ಚಿಂತರಾಗುವವರ ಬಗ್ಗೆ. ಅವರು ಮೊದಲು ಮುಂದಿಡುವುದು 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಾಮಿಸ್ ಅಧ್ಯಯನವನ್ನು. 576 ಗಂಡಸರ ಆ ಅಧ್ಯಯನದಲ್ಲಿ ಎಂಆರ್‌ಐ ಗಂಭೀರ ಕ್ಯಾನ್ಸರುಗಳಲ್ಲಿ ಶೇ. 93ನ್ನು ಹಿಡಿಯಿತು; ಹಳೆಯ ಅಲ್ಟ್ರಾಸೌಂಡ್ ಬಯಾಪ್ಸಿ ಹಿಡಿದದ್ದು ಶೇ. 48. ಸರಿಯೇ. ಆದರೆ ಅವರೆಲ್ಲ ಅಲ್ಲಿಯವರೆಗೆ ಬಯಾಪ್ಸಿಯನ್ನೇ ಮಾಡಿಸಿಕೊಳ್ಳದವರು, ನಿಗಾದಲ್ಲಿದ್ದವರಲ್ಲ. ರೋಗ ಇದೆಯೇ ಎಂದು ಒಮ್ಮೆ ನೋಡುವುದರಲ್ಲಿ ಗಳಿಸಿದ ಹೆಸರನ್ನು, ರೋಗ ಬೆಳೆದಿದೆಯೇ ಎಂದು ಮತ್ತೆ ಮತ್ತೆ ನೋಡುವ ಕೆಲಸಕ್ಕೂ ಸಲೀಸಾಗಿ ದಾಟಿಸಿದ್ದಾರೆ.

ಈ ಎರಡನೇ ಕೆಲಸಕ್ಕೆಂದೇ ತಜ್ಞರ ತಂಡವೊಂದು 2016ರಲ್ಲಿ ಪ್ರಿಸೈಸ್ ಅಂಕಪದ್ಧತಿ ರೂಪಿಸಿತು. 1 ಮತ್ತು 2 ಎಂದರೆ ಗಡ್ಡೆಯ ಗುರುತು ಮಾಯವಾಗಿದೆ ಅಥವಾ ಕುಗ್ಗಿದೆ, 3 ಎಂದರೆ ಇದ್ದಂತೆ ಇದೆ, 5 ಎಂದರೆ ಗ್ರಂಥಿಯ ಹೊರಗೆ ಚಾಚಿದೆ. ಇವುಗಳಲ್ಲಿ ಗೊಂದಲ ಕಡಿಮೆ. ಪೇಚಿರುವುದು 4ರಲ್ಲಿ: ಗಾತ್ರವೋ ಎದ್ದುಕಾಣುವ ಗುಣವೋ ಗಣನೀಯವಾಗಿ ಹೆಚ್ಚಿರಬೇಕು. ಗಣನೀಯ ಎಂದರೆ ಎಷ್ಟು? ಚಿತ್ರದ ಒಂದೊಂದು ಪದರವೇ ಸುಮಾರು 3 ಮಿಲಿಮೀಟರ್ ದಪ್ಪ. ಈ ಸಲ ರೋಗಿ ಕೊಂಚ ಬೇರೆ ಭಂಗಿಯಲ್ಲಿ ಮಲಗಿದ್ದರೆ ಅದೇ ಗಡ್ಡೆಯನ್ನು ಪದರಗಳು ಬೇರೆ ಜಾಗದಲ್ಲಿ ಸೀಳುತ್ತವೆ. 6 ಮಿಲಿಮೀಟರ್ ಇದ್ದದ್ದು 7 ಆಗಲು ಕ್ಯಾನ್ಸರ್ ಬೆಳೆಯಲೇಬೇಕಿಲ್ಲ. ಎದ್ದುಕಾಣುವಿಕೆಯ ಪಾಡು ಇನ್ನೂ ಕಷ್ಟ. ಅಂಗಾಂಶದಲ್ಲಿ ನೀರಿನ ಚಲನೆಯನ್ನು ಅಳೆಯುವ ಡಿಫ್ಯೂಷನ್ ಚಿತ್ರ ಗುದನಾಳದಲ್ಲಿ ಗ್ಯಾಸ್ ತುಂಬಿದ್ದರೂ ಸೊಟ್ಟಗಾಗುತ್ತದೆ. ಮೊದಲ ಸ್ಕ್ಯಾನ್ 1.5 ಟೆಸ್ಲಾ ಯಂತ್ರದಲ್ಲಿ, ಮುಂದಿನದು 3 ಟೆಸ್ಲಾದಲ್ಲಿ ಆದರೆ ಹೋಲಿಕೆಯ ನೆಲವೇ ಬದಲಾದಂತೆ. ಇಷ್ಟೆಲ್ಲ ಅನುಮಾನಗಳು ರಿಪೋರ್ಟಿನಲ್ಲಿ ಒಂದಂಕಿಯೊಳಗೆ ಅಡಗಿಹೋಗುತ್ತವೆ. ಮೊತ್ತಮೊದಲ ಸ್ಕ್ಯಾನಿನೊಂದಿಗೆ ಹೋಲಿಸಿ, ಅಳತೆ ಬರೆದಿಡಿ ಎಂದು ಶಿಫಾರಸು ಮಾಡಿದ್ದು ಈ ಪದ್ಧತಿಯ ಹೆಚ್ಚುಗಾರಿಕೆ, ಅದನ್ನು ಒಪ್ಪುತ್ತೇನೆ. 2024ರಲ್ಲಿ ಪರಿಷ್ಕರಣೆಯೂ ಆಗಿದೆ. ಆದರೂ ಕೊನೆಗೆ ತೀರ್ಪು ಕೊಡುವುದು ರೇಡಿಯಾಲಜಿಸ್ಟರ ಕಣ್ಣೇ.

ಇನ್ನು ಕೆನಡಾದ ಆಸಿಸ್ಟ್ ಪ್ರಯೋಗದ ಸುತ್ತ ನಡೆಯುವ ಜಗಳ. 273 ಗಂಡಸರಲ್ಲಿ, ನಿಗಾದ ಆರಂಭದ ದೃಢೀಕರಣ ಬಯಾಪ್ಸಿಗೆ ಎಂಆರ್‌ಐ ಸೇರಿಸಿದ್ದರಿಂದ ಹೆಚ್ಚು ಗಂಭೀರ ರೋಗವೇನೂ ಸಿಗಲಿಲ್ಲ ಎಂದು 2019ರ ವರದಿ ಹೇಳಿತು. ಎರಡು ವರ್ಷದ ಫಲಿತಾಂಶ ಬಂದಾಗ ಎಂಆರ್‌ಐ ಗುಂಪಿನಲ್ಲಿ ನಿಗಾ ವಿಫಲವಾದವರು ಕಡಿಮೆ. ಯಂತ್ರ ಮಾರುವವರ ಹುನ್ನಾರ ಎನ್ನುವವರು ಮೊದಲ ವರದಿಯನ್ನು ಬೀಸುತ್ತಾರೆ, ಎಂಆರ್‌ಐ ಭಕ್ತರು ಎರಡನೆಯದನ್ನು. ಇಬ್ಬರೂ ಒಂದನ್ನು ಮರೆಯುತ್ತಾರೆ: ಅಲ್ಲಿ ಪರೀಕ್ಷೆಗೆ ಒಳಗಾದದ್ದು ನಿಗಾದ ಹೊಸ್ತಿಲಿನ ಸ್ಕ್ಯಾನ್. ಆಮೇಲೆ ವರ್ಷಗಟ್ಟಲೆ ಮಾಡಿಸುವ ಸ್ಕ್ಯಾನುಗಳ ಪರವಾಗಲಿ ವಿರುದ್ಧವಾಗಲಿ ಆಸಿಸ್ಟ್ ಸಾಕ್ಷಿ ಹೇಳುವುದಿಲ್ಲ.

ಇದೇ ಭಕ್ತರು ಬೊಟ್ಟು ಮಾಡುವ ಮತ್ತೊಂದು ಪ್ರಯೋಗ ಬ್ರಿಟನ್ನಿನ ಪ್ರೊಟೆಕ್ಟ್. ಅಲ್ಲಿ ನಿಗಾ ಎಂದರೆ ಮುಖ್ಯವಾಗಿ ಪಿಎಸ್‌ಎ ರಕ್ತಪರೀಕ್ಷೆ. 15 ವರ್ಷಗಳಲ್ಲಿ ನಿಗಾ ಗುಂಪಿನ ಶೇ. 3.1ರಷ್ಟು ಮಂದಿ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತರು, ಆಪರೇಷನ್ ಗುಂಪಿನಲ್ಲಿ ಶೇ. 2.2. ರೋಗ ದೂರಕ್ಕೆ ಹರಡಿದವರು ಮಾತ್ರ ನಿಗಾದಲ್ಲಿ ಸುಮಾರು ಎರಡು ಪಟ್ಟು. ಎಂಆರ್‌ಐ ಇದ್ದಿದ್ದರೆ ಇದು ತಪ್ಪುತ್ತಿತ್ತು ಎಂದು ಭಕ್ತರು ವಾದಿಸುತ್ತಾರೆ. ತಪ್ಪುತ್ತಿತ್ತೇನೋ, ಆದರೆ ನಿಗಾಕ್ಕೆ ತಕ್ಕವರಲ್ಲದವರನ್ನು ಮೊದಲ ದಿನವೇ ಬೇರ್ಪಡಿಸಿ ತಪ್ಪಿಸುತ್ತಿತ್ತು, ಮೂರನೇ ವರ್ಷ 4 ಅಂಕ ಕೊಟ್ಟಲ್ಲ.