ಮಧ್ಯಾಹ್ನದ ಬೆಳಕಲ್ಲಿ ತೊಗಲಿನ ಚಿತ್ರ

ತೊಗಲಿನ ಮೇಲೆ ಬಿಡಿಸಿದ ಚಿತ್ರದ ಯೋಗ್ಯತೆಯನ್ನು ಹಗಲಲ್ಲಿ ಅಳೆಯಲಾಗದು. ನವಿ ಮುಂಬಯಿಯ ಸಿಬಿಡಿ ಬೇಲಾಪುರದ ಕರಕುಶಲ ಸಂತೆ ಅರ್ಬನ್ ಹಾಟ್‌ನಲ್ಲಿ ನಮ್ಮ ಕನ್ನಡದವರು ಮಾಡುವುದು ಮಾತ್ರ ಅದನ್ನೇ. ಆಂಧ್ರದ ಕಡೆಯ ತೊಗಲಿನ ಲ್ಯಾಂಪ್‌ಶೇಡುಗಳ ಮುಂದೆ ಮಟಮಟ ಮಧ್ಯಾಹ್ನ ನಿಂತು, ಎಲ್ಲಕ್ಕಿಂತ ಕೆಂಪಗಿರುವ ಗಣಪತಿಯನ್ನು ಆರಿಸಿ, ಥಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಗೋ ಕಲ್ಯಾಣಕ್ಕೋ ಒಯ್ಯುತ್ತಾರೆ.

ಮೇಕೆಯ ಚರ್ಮವನ್ನು ನೆನೆಹಾಕಿ, ಕೂದಲು ಹೆರೆದು, ಬಿಗಿಯಾಗಿ ಎಳೆದು ಒಣಗಿಸಿದರೆ ಅದರೊಳಗಿಂದ ಬೆಳಕು ಹಾಯುತ್ತದೆ. ಚಪ್ಪಲಿಯ ಹದ ಮಾಡಿದ ಚರ್ಮಕ್ಕೆ ಈ ಗುಣವಿಲ್ಲ. ಕಪ್ಪು ಗೆರೆ ಬೆಳಕನ್ನು ತಡೆಯುತ್ತದೆ, ತೆಳು ಬಣ್ಣ ಸೋಸುತ್ತದೆ, ಉಳಿಯಿಂದ ಕೊರೆದ ತೂತು ಹಾಗೆಯೇ ಬಿಡುತ್ತದೆ. ಕಿರೀಟದ ಮುತ್ತು, ಸೀರೆಯ ಅಂಚು, ತೋಳಬಂದಿಯ ಹರಳು ಇವೆಲ್ಲ ಬಣ್ಣವಲ್ಲ, ತೂತು. ಹಾಗಾಗಿ ಈ ಕಲೆಯಲ್ಲಿ ಕುಂಚಕ್ಕಿರುವಷ್ಟೇ ಕೆಲಸ ಉಳಿಗೂ ಇದೆ.

ನಾನು ಮಗುಚಿ ನೋಡಿದ ಶೇಡುಗಳಲ್ಲಿ ಒಂದರ ಮೇಲೆ ನವಿಲಿತ್ತು. ಗರಿಯ ಹಸಿರು ಎಷ್ಟು ತೆಳುವೆಂದರೆ ಚರ್ಮದ ನರಗಳು ಕಾಣುತ್ತಿದ್ದವು. ಕಣ್ಣುಗಳ ಸುತ್ತ ಸಾಸಿವೆಯಷ್ಟು ಸಣ್ಣ ತೂತುಗಳು. ಬಲ್ಬ್ ಹಾಕಿಸಿದೆ, ಗರಿ ಬಿಚ್ಚಿಕೊಂಡಿತು. ಪಕ್ಕದ ಗಣಪತಿಗೆ ದಪ್ಪ ಪೇಂಟು. ದೀಪ ಹತ್ತಿದ್ದೇ ದೇವರ ಹೊಟ್ಟೆ ಮಸಿ ಮುದ್ದೆ. ಮಾರಾಟವಾಗುತ್ತಿದ್ದುದು ಗಣಪತಿಯೇ ಅನ್ನಿ.

ತೊಗಲುಗೊಂಬೆಯಾಟದ ಕಲೆ ಲ್ಯಾಂಪ್‌ಶೇಡಿಗಿಳಿಯಿತಲ್ಲ ಎಂದು ಮರುಗುವವರಿದ್ದಾರೆ. ನನಗೆ ಆ ಮರುಕ ಅರ್ಧ ಮಾತ್ರ ಒಪ್ಪಿಗೆ. ಆಂಧ್ರದ ಧರ್ಮಾವರದ ಹತ್ತಿರದ ನಿಮ್ಮಲಕುಂಟದ ಕುಟುಂಬಗಳ ಒಲೆ ಉರಿಯುವುದರಲ್ಲಿ ಈ ಶೇಡುಗಳ ಪಾಲು ದೊಡ್ಡದು. ಆ ಊರಿನ ತೊಗಲುಗೊಂಬೆ ಕಲಾವಿದ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಶೇಡಿನಲ್ಲಿ ಕನಿಷ್ಠ ದೀಪವಾದರೂ ಚಿತ್ರದ ಹಿಂದೆಯೇ ಉಳಿದಿದೆ. ಗಾಜಿನ ಚೌಕಟ್ಟಿಗೆ ಹಾಕಿ ಹಾಲ್‌ನ ಗೋಡೆಗೆ ಮೊಳೆ ಹೊಡೆಯುವುದಿದೆಯಲ್ಲ, ಕೊಲೆ ಅದು.

ಕಳೆದುಹೋದದ್ದು ಬೇರೆ ಇದೆ. ಕರ್ನಾಟಕದ ತೊಗಲುಗೊಂಬೆಗಳಲ್ಲಿ ಇಡೀ ದೃಶ್ಯವೇ ಒಂದು ಚರ್ಮದ ಮೇಲಿರುವುದುಂಟು. ಪಾತ್ರದ ಅಂತಸ್ತಿಗೆ ತಕ್ಕಂತೆ ಗಾತ್ರ ಹಿಗ್ಗುವುದೂ ಕುಗ್ಗುವುದೂ ಉಂಟು. ಆಂಧ್ರದ ಗೊಂಬೆ ದೊಡ್ಡದು, ಕೈಕಾಲಿಗೆ ಕೀಲು. ಶೇಡಿಗೆ ಇದೊಂದೂ ಬೇಡ. ಅದಕ್ಕೆ ಬೇಕಾದದ್ದು ಸುತ್ತಲೂ ಒಂದೇ ಸಮ ಹಬ್ಬುವ ಬಳ್ಳಿ. ಆಟದ ಹಾಸ್ಯಗಾರ, ಹೊಟ್ಟೆ ಮುಂದೆ ಬಿಟ್ಟ ಕಿಳ್ಳೇಕ್ಯಾತನನ್ನು, ಅವನ ಜೋಡಿ ಬಂಗಾರಕ್ಕನನ್ನು ಯಾವ ಶೇಡಿನ ಮೇಲೂ ನಾನು ಕಂಡಿಲ್ಲ. ಆಟದ ಪೋಲಿ ನಗುವನ್ನು ಡ್ರಾಯಿಂಗ್ ರೂಮು ಒಳಗೆ ಬಿಟ್ಟುಕೊಂಡಿಲ್ಲ, ದೇವರನ್ನೂ ನವಿಲನ್ನೂ ಮಾತ್ರ ಬಿಟ್ಟುಕೊಂಡಿದೆ. 2025ರಲ್ಲಿ ಪದ್ಮಶ್ರೀ ಪಡೆದ ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಪರಂಪರೆ ಅಂಥ ಆಟದ್ದು. ಅಂದಹಾಗೆ, ಕನ್ನಡದಲ್ಲಿ ಆಟ ಕಟ್ಟುವ ಈ ಶಿಳ್ಳೇಕ್ಯಾತ ಸಮುದಾಯದ ಮನೆಮಾತು ಮರಾಠಿಯದೇ ಒಂದು ಬಗೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಎಂದು ಬದುಕುವ ಡೊಂಬಿವಲಿಯ ನಮಗೆ ಅವರು ತಿರುವುಮುರುವಾದ ನೆಂಟರು.

ಕೊಂಡವರಿಗೂ ಒಂದು ಮಾತು. ನಮ್ಮವು ಖಾಡಿಯ, ಅಂದರೆ ಕಡಲ ಹಿನ್ನೀರಿನ, ದಂಡೆಯ ಊರುಗಳು; ಮಳೆಗಾಲದಲ್ಲಿ ಹದ ಮಾಡದ ಈ ಚರ್ಮ ತೇವ ಹೀರಿ ಸುಕ್ಕಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಹಳೆಯ ಬಲ್ಬಿನ ಬಿಸಿ ಅದನ್ನು ಒಣಗಿಸುತ್ತಿತ್ತು, ಎಲ್‌ಇಡಿಗೆ ಆ ಬಿಸಿಯಿಲ್ಲ. ಸಾಲದ್ದಕ್ಕೆ ಟ್ಯೂಬ್‌ಲೈಟಿನಂಥ ಬಿಳಿ ಬೆಳಕು ಹಾಕಿದರೆ ಕೆಂಪು ಸತ್ತೇ ಹೋಗುತ್ತದೆ. ಎಣ್ಣೆ ದೀಪದ ಮುಂದೆ ಹುಟ್ಟಿದ ಬಣ್ಣಗಳಿವು, ಹಳದಿ ಬೆಳಕೇ ಬೇಕು. ಚೌಕಾಸಿ ಮಾಡುವವರು ಇದನ್ನೂ ತಿಳಿದಿರಲಿ: ಬಣ್ಣ ಬಳಿಯುವುದು ಬೇಗ ಮುಗಿಯುವ ಕೆಲಸ, ಹೊತ್ತು ತಿನ್ನುವುದು ಕೊರೆತ. ಬೆಲೆ ಇಳಿದಂತೆಲ್ಲ ಮುಂದಿನ ವರ್ಷದ ಸರಕಿನಲ್ಲಿ ಮೊದಲು ಕಡಿಮೆಯಾಗುವುದು ತೂತುಗಳೇ.