ಸವತೆಕಾಯಿ ಮಾರಿದವರ ದ್ವೀಪ

ವಾಸ್ಕೋ ಡ ಗಾಮ ಎಂದರೆ ನಮ್ಮ ಮಕ್ಕಳಿಗೆ ಒಂದು ಅಂಕದ ಪ್ರಶ್ನೆ. 1498, ಕಲ್ಲಿಕೋಟೆ ಎಂದು ಬರೆದರೆ ಮುಗಿಯಿತು. ಅವನು ಭಾರತಕ್ಕೆ ಜಲಮಾರ್ಗ 'ಕಂಡುಹಿಡಿದ' ಎಂದು ನಾವೂ ಓದಿದೆವು, ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ನಾನೂ ಅದನ್ನೇ ಪಾಠ ಹೇಳುತ್ತ ಬಂದಿದ್ದೇನೆ. ಆಫ್ರಿಕದ ಮಾಲಿಂದಿಯಲ್ಲಿ ಅವನ ಹಡಗು ಹತ್ತಿ, ದಾರಿ ಗೊತ್ತಿದ್ದವನೊಬ್ಬ ದಾರಿ ತೋರಿಸಿಕೊಂಡು ಬಂದ. ದಾರಿ ಗೊತ್ತಿದ್ದವನ ಹೆಸರು ಪ್ರಶ್ನೆಪತ್ರಿಕೆಯಲ್ಲಿ ಬರುವುದಿಲ್ಲ. ಅದು ಹೋಗಲಿ. ಮರಳಿ ಹೋಗುವಾಗ ಅವನು ನಮ್ಮ ಕಾರವಾರದ ಎದುರಿಗಿನ ಅಂಜದೀವ್ ದ್ವೀಪದಲ್ಲಿ ಹನ್ನೆರಡು ದಿನ ಹಡಗು ನಿಲ್ಲಿಸಿಕೊಂಡಿದ್ದನಲ್ಲ, ಆ ಸಂಗತಿಯನ್ನು ನಮ್ಮ ಜಿಲ್ಲೆಯ ಮಕ್ಕಳಿಗಾದರೂ ಹೇಳಬೇಕಿತ್ತು.

ತೇರಗಾಂವದಿಂದ ಸಮುದ್ರ ಕಾಣುವುದಿಲ್ಲ. ನಮ್ಮದು ಭತ್ತ, ಕಬ್ಬಿನ ಊರು. ನಮಗೆ ಕಾರವಾರ ಎಂದರೆ ಜಿಲ್ಲಾ ಕಚೇರಿ, ಅಷ್ಟೆ. ಹೀಗಿದ್ದರೂ ಜಿಲ್ಲೆಯ ನಕಾಶೆ ಬರೆಸುವಾಗ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ: "ಬಾಯಿ, ಈ ದ್ವೀಪ ಕಾರವಾರದ ಮುಂದೆ ಐತಿ, ಗೋವಾಕ್ಕ ಹ್ಯಾಂಗ ಸೇರತು?" ಪ್ರಶ್ನೆ ಸಣ್ಣದು. ಉತ್ತರ ಹುಡುಕುತ್ತ ಹೋದರೆ ಐನೂರು ವರ್ಷ ಹಿಂದೆ ಹೋಗಬೇಕು. ಧಾರವಾಡದಲ್ಲಿ ಓದುವ ನನ್ನ ತಂಗಿಯ ಮಗಳು ಗಾಮನ ಮೊದಲ ಯಾನದ ದಿನಚರಿಯ ಇಂಗ್ಲಿಷ್ ಅನುವಾದವನ್ನು ಝೆರಾಕ್ಸ್ ಮಾಡಿಸಿ ತಂದುಕೊಟ್ಟಳು. ರೇವನ್‌ಸ್ಟೀನ್ ಎಂಬವರು 1898ರಲ್ಲಿ ಮಾಡಿದ ಅನುವಾದ ಅದು. ಪುಸ್ತಕ ತೀರ ದೊಡ್ಡದಲ್ಲ. ಎರಡು ಸಲ ಓದಿದೆ. ಓದಿದ ಮೇಲೆ ನನಗನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೂಲ ದಿನಚರಿ ಗಾಮನದಲ್ಲ. ಅವನ ಹಡಗುಗಳಲ್ಲಿದ್ದ ಯಾವನೋ ಬರೆದದ್ದು. ಅಲ್ವಾರೊ ವೆಲ್ಯೊ ಎಂಬವನಿರಬೇಕೆಂದು ಪಂಡಿತರ ಊಹೆ. ಪೋರ್ಚುಗೀಸ್ ಭಾಷೆಯಲ್ಲಿ ಅದು ಮೊದಲು ಅಚ್ಚಾದದ್ದು 1838ರಲ್ಲಿ. ಬರವಣಿಗೆಯಲ್ಲಿ ಅಲಂಕಾರವಿಲ್ಲ. ಎಲ್ಲಿ ನೀರು ಸಿಕ್ಕಿತು, ಎಲ್ಲಿ ಕಟ್ಟಿಗೆ ಸಿಕ್ಕಿತು, ಯಾವ ದಿನ ಗಾಳಿ ಬೀಸಿತು, ಮೀನು ತಂದವರು ಯಾರು - ಮನೆವಾರ್ತೆ ನೋಡಿಕೊಳ್ಳುವ ಹೆಂಗಸು ಬರೆದಿಟ್ಟ ಹಾಗೆ ಇದೆ. ಇದೇ ಈ ಪುಸ್ತಕದ ದೊಡ್ಡ ಗುಣ. ದೊರೆಯನ್ನು ಹೊಗಳಲು ಕೂತವನು ಇಂಥದ್ದನ್ನೆಲ್ಲ ಬಿಟ್ಟುಬಿಡುತ್ತಿದ್ದ. ಇವನಿಗೆ ಬಿಡಲು ಬರುವುದಿಲ್ಲ.

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ನಿಮ್ಮಲ್ಲಿ ಕೆಲವರು ಪ್ರವಾಸ ಹೋಗಿರಬಹುದು. ಊರವರ ಬಾಯಲ್ಲಿ ಅದು ತೋನ್ಸೆಪಾರ್. ಗಾಮ ಅಲ್ಲಿ ಕಲ್ಲಿನ ಕಂಬ ನೆಟ್ಟು ಸಾಂತಾ ಮರಿಯಾ ಎಂದು ಹೆಸರಿಟ್ಟನೆಂದು ಗೈಡುಗಳು ಹೇಳುತ್ತಾರೆ. ಇಂಥ ಕಂಬ ಎಂದರೆ, ಈ ನೆಲವನ್ನು ನಮ್ಮ ದೊರೆಯ ಹೆಸರಿನಲ್ಲಿ ಮುಟ್ಟಿದ್ದೇವೆ ಎಂದು ಲೋಕಕ್ಕೆ ಸಾರುವ ಗುರುತು. ಅಂಥವು ಮೂರನ್ನು ನೆಡಬೇಕೆಂದು ಅವರ ದೊರೆಯ ಅಪ್ಪಣೆಯಿತ್ತು, ಇದು ಕೊನೆಯದು. ಆದರೆ ದಿನಚರಿಯಲ್ಲಿ ಆ ಪುಟವನ್ನು ಸಾವಕಾಶವಾಗಿ ಓದಿ ನೋಡಿ. ದೋಣಿಗಳಲ್ಲಿ ಮೀನು ಮಾರಲು ಬಂದವರಿಗೆ ಗಾಮ ಅಂಗಿಗಳನ್ನು ಕೊಡುತ್ತಾನೆ. ಆಮೇಲೆ, ಈ ದ್ವೀಪದಲ್ಲಿ ಒಂದು ಕಂಬ ನೆಟ್ಟರೆ ನಿಮಗೆ ಸಂತೋಷವೇ ಎಂದು ಕೇಳುತ್ತಾನೆ. ಅವರು ಆಗಲಿ ಎನ್ನುತ್ತಾರೆ. ಅದು ನೀವೂ ನಮ್ಮಂತೆಯೇ ಕ್ರೈಸ್ತರು ಎಂಬುದಕ್ಕೆ ಸಾಕ್ಷಿಯಾಗುತ್ತದೆ ಎಂದು ಅವರು ಹೇಳಿದರಂತೆ! ಯಾವ ಭಾಷೆಯಲ್ಲಿ ಕೇಳಿದರೋ, ಅವರಿಗೆ ಏನು ತಿಳಿಯಿತೋ, ಇವರಿಗೆ ಏನು ಕೇಳಿಸಿತೋ. ಅದೇನೇ ಇರಲಿ, ಯಾರನ್ನೂ ಕೇಳಬೇಕಾಗಿಲ್ಲದ ನೆಲವಾಗಿದ್ದರೆ ಕೇಳುತ್ತಿದ್ದರೇ? ನಾವು ಪಕ್ಕದ ಮನೆಯ ಹಿತ್ತಲಲ್ಲಿ ಗೂಟ ಹೊಡೆಯುವಾಗ ಒಂದು ಮಾತು ಕೇಳುತ್ತೇವೆ, ನಮ್ಮ ಹಿತ್ತಲಲ್ಲಿ ಹೊಡೆಯುವಾಗ ಕೇಳುವುದಿಲ್ಲ. ಕಂಬದ ವಿಷಯ ಹೇಳುವವರು ಈ ಅಂಗಿಯ ವಿಷಯ ಹೇಳುವುದಿಲ್ಲ. ಎರಡೂ ಒಂದೇ ಪುಟದಲ್ಲಿವೆ.

ಅಲ್ಲಿಂದ ಉತ್ತರಕ್ಕೆ ಬಂದು ಹಡಗುಗಳು ಅಂಜದೀವ್ ಹತ್ತಿರ ನಿಂತವು. ಈ ಭಾಗವೇ ನನಗೆ ಬಹಳ ಹಿಡಿಸಿದ್ದು. ದಡದಲ್ಲಿ ಒಬ್ಬ ಹುಡುಗ ಒಳ್ಳೆಯ ನೀರಿನ ಒರತೆಯನ್ನು ತೋರಿಸುತ್ತಾನೆ, ಅವನಿಗೆ ಒಂದು ಟೊಪ್ಪಿಗೆ ಸಿಗುತ್ತದೆ. ಮರುದಿನ ನಾಲ್ಕು ಜನ ದೋಣಿಯಲ್ಲಿ ಕುಂಬಳ, ಸವತೆಕಾಯಿ ಮಾರಲು ತರುತ್ತಾರೆ. ನಿಮ್ಮಲ್ಲಿ ದಾಲ್ಚಿನ್ನಿ ಇದೆಯೇ ಎಂದು ವಿಚಾರಿಸಿದ್ದಕ್ಕೆ, ಇದೆ ಎನ್ನುತ್ತಾರೆ. ನೋಡಿ ಬರಲು ಇಬ್ಬರನ್ನು ಕಳಿಸಿದರೆ ಅವರು ಕಾಡಿನಿಂದ ಎರಡು ದೊಡ್ಡ ಟೊಂಗೆ ತರುತ್ತಾರೆ. ಅವರ ಬೆನ್ನಿಗೆ ಇಪ್ಪತ್ತಕ್ಕೂ ಹೆಚ್ಚು ಜನ ಕೋಳಿ, ಆಕಳ ಹಾಲು, ಕುಂಬಳ ಹಿಡಿದುಕೊಂಡು ಬರುತ್ತಾರೆ. ತಿಂಗಳು ಸೆಪ್ಟೆಂಬರ್, ಮಳೆಗಾಲದ ಕೊನೆ. ಆಗ ನಮ್ಮ ಹಿತ್ತಲಲ್ಲಿ ಏನು ಬಿಟ್ಟಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆ ಹಾಲನ್ನು ಯಾರೋ ಬೆಳಗಿನಲ್ಲಿ ಕರೆದಿರಬೇಕು, ಆ ಬಳ್ಳಿಗೆ ಯಾರೋ ಚಪ್ಪರ ಹಾಕಿರಬೇಕು. ದಿನಚರಿಯ ಈ ಭಾಗದಲ್ಲಿ ಹೆಂಗಸರ ಮಾತಿಲ್ಲ. ಆದರೆ ಅವರ ಕೈಯ ಕೆಲಸ ಹಡಗು ಹತ್ತಿದೆ.

ಇನ್ನು ದ್ವೀಪದ ಮೇಲೆ ಏನಿತ್ತು? ಕಡಿದ ಕಲ್ಲಿನಿಂದ ಕಟ್ಟಿದ, ಹಾಳುಬಿದ್ದ ಒಂದು ಕಟ್ಟಡ. ಅದರೊಳಗೆ ಒಂದು ಗುಡಿಗೆ ಮಾತ್ರ ಹುಲ್ಲಿನ ಮಾಡು. ನಡುವೆ ಮೂರು ಕರಿಯ ಕಲ್ಲು, ಅವುಗಳಿಗೆ ಪೂಜೆ. ಪಕ್ಕದಲ್ಲಿ ಕಲ್ಲು ಕಟ್ಟಿದ ನೀರಿನ ಕೊಳ, ಗುಡ್ಡದ ಮೇಲೆ ಅದಕ್ಕಿಂತ ದೊಡ್ಡದಾದ ಇನ್ನೊಂದು. ಬರೆದವನು ಆ ಕಟ್ಟಡವನ್ನು ಇಗರ್ಜಿ ಎಂದು ಕರೆಯುತ್ತಾನೆ. ಕಲ್ಲಿಕೋಟೆಯಲ್ಲಿಯೂ ಇವರು ಗುಡಿಯನ್ನು ಇಗರ್ಜಿ ಎಂದೇ ತಿಳಿದು ಕೈಮುಗಿದವರು. ಅವನ ತಿಳಿವಳಿಕೆ ತಪ್ಪಾದರೂ ಕಣ್ಣು ಸುಳ್ಳು ಹೇಳಿಲ್ಲ. ಮೂರು ಕಲ್ಲು ಎಂದರೆ ಮೂರೇ ಬರೆದ. ಹುಲ್ಲಿನ ಮಾಡು ಎಂದ. ಹುಲ್ಲಿನ ಮಾಡು ನಮ್ಮ ಮಳೆಗೆ ಎಷ್ಟು ವರ್ಷ ತಡೆಯುತ್ತದೆ ಹೇಳಿ? ಯಾರೋ ವರ್ಷ ವರ್ಷ ಬಂದು ಹೊದಿಸಿ ಹೋಗುತ್ತಿದ್ದರು ಎಂದಾಯಿತು. ಅಂಕೋಲೆಯ ಆರ್ಯಾದುರ್ಗೆ ಮೊದಲು ಅಂಜದೀವದಲ್ಲಿದ್ದವಳು, ಪೋರ್ಚುಗೀಸರ ಕಾಲದಲ್ಲಿ ಇತ್ತ ಬಂದಳು ಎಂದು ಅವಳ ಭಕ್ತರ ನಂಬಿಕೆ. ಆ ಮೂರು ಕಲ್ಲುಗಳಿಗೂ ಅವಳಿಗೂ ಗಂಟು ಹಾಕುವ ಧೈರ್ಯ ನನಗಿಲ್ಲ. ಆದರೆ ದ್ವೀಪ ಬರಿದಾಗಿತ್ತು, ಅನಾಥವಾಗಿತ್ತು ಎಂದು ಇನ್ನು ಯಾರೂ ನನಗೆ ಹೇಳಬಾರದು.

ದಿನಚರಿಕಾರನನ್ನು ಇಷ್ಟು ಹೊಗಳಿದೆನೆಂದು ಅವನು ಸಜ್ಜನನೆಂದು ತಿಳಿಯಬೇಡಿ. ಅದೇ ದ್ವೀಪಕ್ಕೆ ವೆನಿಸಿನ ಭಾಷೆ ಬಲ್ಲ ನಲವತ್ತು ವಯಸ್ಸಿನ ಒಬ್ಬನು ಬಂದು ಗಾಮನನ್ನು ಅಪ್ಪಿಕೊಂಡ. ಬೇಹಿನವನಿರಬೇಕೆಂದು ಅವನನ್ನು ಹಿಡಿದು ಹಿಂಸಿಸಿ ಬಾಯಿ ಬಿಡಿಸಿದರು. ಮುಂದೆ ಅವನನ್ನು ಪೋರ್ಚುಗಲ್ಲಿಗೆ ಒಯ್ದು ಗಾಸ್ಪರ್ ಡ ಗಾಮ ಎಂದು ಹೆಸರಿಟ್ಟರು. ಹಿಡಿದ ಹಡಗೊಂದನ್ನು ಹಣ ಕೊಟ್ಟು ಬಿಡಿಸಿಕೊಳ್ಳುತ್ತೇವೆಂದು ಬಂದವರಿಗೆ, ವೈರಿಯ ಹಡಗು ಮಾರುವುದಿಲ್ಲ ಎಂದು ಹೇಳಿ ಸುಟ್ಟುಹಾಕಿದರು. ಹಾಲು ಕೊಂಡ ಸಂಗತಿಯನ್ನು ಬರೆದ ಧ್ವನಿಯಲ್ಲಿಯೇ ಇದನ್ನೂ ಬರೆದಿದ್ದಾನೆ. ಆ ಸಮಾಧಾನ ನನಗೆ ಹೆದರಿಕೆ ಹುಟ್ಟಿಸಿತು. ಅಕ್ಟೋಬರ್ 5ಕ್ಕೆ ಅವರು ಹೊರಟುಹೋದರು.

ಆಮೇಲೆ ಬಂದವರಿಗೆ ಈ ಪುಸ್ತಕದಲ್ಲಿ ಬೇಕಾದದ್ದು ಒಂದೇ, ನಾವು ಮೊದಲು ಬಂದವರು ಎಂಬುದು. 1505ರಲ್ಲಿ ಅಲ್ಮೇಡ ಬಂದು ಕೋಟೆ ಕಟ್ಟಿಸಿದ, ಅದು ಹೆಚ್ಚು ದಿನ ಉಳಿಯಲಿಲ್ಲ. 1662ರಲ್ಲಿ ಇಂಗ್ಲೆಂಡಿನ ದೊರೆಗೆ ಬಳುವಳಿಯಾಗಿ ಬಂದ ಮುಂಬಯಿಯನ್ನು ವಶಕ್ಕೆ ತೆಗೆದುಕೊಳ್ಳಲು ಅಬ್ರಹಾಂ ಶಿಪ್‌ಮನ್ ಎಂಬವನು ನಾನೂರಕ್ಕೂ ಮಿಕ್ಕಿ ಸಿಪಾಯಿಗಳೊಂದಿಗೆ ಬಂದ. ಪೋರ್ಚುಗೀಸರು ಮುಂಬಯಿ ಬಿಟ್ಟುಕೊಡಲಿಲ್ಲ. ಅವನು ಅಂಜದೀವದಲ್ಲಿ ಕಾಯುತ್ತ ಕುಳಿತ. ರೋಗಕ್ಕೆ ಅವನೂ ಸತ್ತ, ಸಿಪಾಯಿಗಳೂ ಸತ್ತರು. 1665ರಲ್ಲಿ ಮುಂಬಯಿ ಮುಟ್ಟುವಾಗ ನೂರರ ಆಸುಪಾಸು ಜನ ಉಳಿದಿದ್ದರು. ಬಳುವಳಿ ಕೇಳಿದ ದೊರೆ ಲಂಡನ್ನಿನಲ್ಲಿ ಸುಖವಾಗಿದ್ದ. ಸಂಭಾಜಿಯ ಕಣ್ಣೂ ದ್ವೀಪದ ಮೇಲೆ ಬಿತ್ತೆಂದು 1682ರಲ್ಲಿ ಪೋರ್ಚುಗೀಸರು ಮತ್ತೆ ಅಲ್ಲಿ ಕೋಟೆ ಕಟ್ಟಿ ಭದ್ರವಾಗಿ ಕುಳಿತರು. ಚಿಲುಮೆಯ ಮಾತೆ ಎಂಬ ಹೆಸರಿನಲ್ಲಿ ಮೇರಿಯಮ್ಮನಿಗೆ ಒಂದು ಇಗರ್ಜಿಯೂ ಇತ್ತು.

1961ರ ಕಥೆ ನಮ್ಮ ಹಿರಿಯರಿಗೆ ಗೊತ್ತು. ನವೆಂಬರಿನಲ್ಲಿ ದ್ವೀಪದಿಂದ ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಕೆಲವು ದಿನಕ್ಕೆ ಒಬ್ಬ ಮೀನುಗಾರ ಗುಂಡಿಗೆ ಬಲಿಯಾದ. ಡಿಸೆಂಬರ್ 18ರಂದು ನಮ್ಮ ನೌಕಾಪಡೆಯವರು ತ್ರಿಶೂಲ್, ಮೈಸೂರು ಹಡಗುಗಳಿಂದ ಹೋಗಿ ದ್ವೀಪದಲ್ಲಿ ಇಳಿದರು. ಏಳು ಜನ ಪ್ರಾಣ ಕೊಟ್ಟರು. ಅವರ ಸ್ಮಾರಕ ಅಲ್ಲಿದೆ, ಇರಬೇಕಾದದ್ದೇ. ಆದರೆ ಈ ಪ್ರಸಂಗವನ್ನು ಬರೆಯುವವರಲ್ಲಿ ಹೆಚ್ಚಿನವರು ಮೀನುಗಾರನನ್ನು ಅರ್ಧ ವಾಕ್ಯದಲ್ಲಿ ಮುಗಿಸುತ್ತಾರೆ, ಯುದ್ಧಕ್ಕೆ ಕಾರಣವೊಂದು ಬೇಕಾಗಿತ್ತು ಎಂಬಂತೆ. ಅವನ ಅಜ್ಜ ಮುತ್ತಜ್ಜಂದಿರ ಕಾಲದಿಂದ ಆ ನೀರಿಗೆ ಹೋಗುವವರು ಯಾರು, ಯಾವ ಹಕ್ಕಿನಿಂದ ಹೋಗುತ್ತಿದ್ದರು ಎಂದು ಯಾರೂ ಕೇಳುವುದಿಲ್ಲ. ಐನೂರು ವರ್ಷ ಹಿಂದಿನ ಪರಕೀಯ ಇವರಿಗಿಂತ ಮೇಲು. ಅವನು ಮೀನು ತಂದವರನ್ನು ಕಂಡಿದ್ದ.

ಈಗ ನಮ್ಮ ಮಕ್ಕಳ ಪ್ರಶ್ನೆಗೆ ಬರುತ್ತೇನೆ. ಪೋರ್ಚುಗೀಸರು ಹೋದರು, ಅವರ ಗೆರೆ ಹೋಗಲಿಲ್ಲ. 1962ರಲ್ಲಿ ಸಂವಿಧಾನಕ್ಕೆ ಹನ್ನೆರಡನೆಯ ತಿದ್ದುಪಡಿ ಮಾಡಿದಾಗ, 1961ರ ಡಿಸೆಂಬರ್ 20ಕ್ಕೆ ಮುಂಚೆ ಗೋವೆಯಲ್ಲಿ ಏನೇನು ಸೇರಿತ್ತೋ ಅದೇ ಗೋವೆ ಎಂದಾಯಿತು. ಹೀಗೆ ಬಿಣಗಾ ದಡದಿಂದ ಕಣ್ಣಳತೆಯಲ್ಲಿರುವ ದ್ವೀಪ ಕಾಣಕೋಣ ತಾಲೂಕಿಗೆ ಸೇರಿಯೇ ಉಳಿಯಿತು. ನಮ್ಮವರಲ್ಲಿ ಕೆಲವರು ಇದನ್ನು ಕರ್ನಾಟಕಕ್ಕಾದ ಅನ್ಯಾಯ ಎನ್ನುತ್ತಾರೆ. ನನಗೆ ಆ ಮಾತಿನಲ್ಲಿ ಆಸಕ್ತಿಯಿಲ್ಲ. ನಮ್ಮ ಹಳಿಯಾಳವೂ ಒಂದು ಕಾಲಕ್ಕೆ ಮದ್ರಾಸಿಗೆ, 1862ರಿಂದ ಮುಂಬಯಿಗೆ, 1956ರಿಂದ ಮೈಸೂರಿಗೆ ಸೇರಿದ್ದು. ಮಹಾರಾಷ್ಟ್ರದವರು ಕಾರವಾರ, ಸೂಪಾದೊಂದಿಗೆ ಹಳಿಯಾಳವನ್ನೂ ಕೇಳಿದ್ದರು. 1967ರ ಮಹಾಜನ ವರದಿ ಬಂದರೂ ಆ ಜಗಳ ತೀರಲಿಲ್ಲ. ಅಂಗಡಿಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಆಡುವ ಊರಿನಲ್ಲಿ ಬದುಕಿದವಳಿಗೆ ಇಂಥ ಪಟ್ಟಿಗಳ ಮೇಲೆ ಅಷ್ಟಾಗಿ ನಂಬಿಕೆ ಹುಟ್ಟುವುದಿಲ್ಲ.

ನನ್ನ ತಕರಾರು ಬೇರೆ. ದ್ವೀಪ ಯಾರದ್ದು ಎಂದು ತೀರ್ಮಾನಿಸುವಾಗ ಎಂಥ ಕಾಗದವನ್ನು ಸಾಕ್ಷಿ ಎನ್ನುತ್ತಾರೆ, ಎಂಥದ್ದನ್ನು ಎನ್ನುವುದಿಲ್ಲ? 1928ರಲ್ಲಿ ಪಾಲ್ಮಾಸ್ ದ್ವೀಪಕ್ಕಾಗಿ ಅಮೆರಿಕೆಯೂ ಹಾಲಂಡೂ ಜಗಳಾಡಿದಾಗ, ಬರಿದೆ ಮೊದಲು ಕಂಡರೆ ಸಾಲದು, ಅಲ್ಲಿ ಆಡಳಿತ ನಡೆಸಿ ತೋರಿಸಬೇಕು ಎಂದು ನ್ಯಾಯ ಹೇಳಲಾಯಿತು. ಗಾಮನ ಕಂಬದಂಥವಕ್ಕೆ ಅದು ತಕ್ಕ ಉತ್ತರವೇ. ಆದರೆ ಆಡಳಿತ ಎಂದರೆ ಯಾರದು? 2002ರಲ್ಲಿ ಇಂಡೋನೇಷ್ಯ, ಮಲೇಷ್ಯಗಳ ನಡುವಿನ ಸಿಪಾದಾನ್, ಲಿಗಿತಾನ್ ದ್ವೀಪಗಳ ವ್ಯಾಜ್ಯ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ದ್ವೀಪಗಳು ಮಲೇಷ್ಯಕ್ಕೆ ಹೋದವು. ಅದಕ್ಕೆ ಒಂದು ಕಾರಣ ಕೇಳಿದರೆ ನಗು ಬರುತ್ತದೆ - ಆಮೆಯ ಮೊಟ್ಟೆ! ಅಲ್ಲಿ ಮೊಟ್ಟೆ ಆಯುವುದಕ್ಕೆ ಬ್ರಿಟಿಷ್ ಅಧಿಕಾರಿಗಳು ಕಾನೂನು ಮಾಡಿ ಲೈಸೆನ್ಸು ಕೊಡುತ್ತಿದ್ದರು, ಆದ್ದರಿಂದ ಅದು ಆಡಳಿತ. ಆ ನೀರಿನಲ್ಲಿ ಇಂಡೋನೇಷ್ಯದ ಮೀನುಗಾರರು ತಲೆತಲಾಂತರದಿಂದ ಮೀನು ಹಿಡಿದದ್ದು ಲೆಕ್ಕಕ್ಕೆ ಬರಲಿಲ್ಲ, ಯಾಕೆಂದರೆ ಅವರು ಖಾಸಗಿ ಜನ. ಮೊಟ್ಟೆ ಆಯ್ದವನಿಗಿಂತ ಚೀಟಿ ಬರೆದುಕೊಟ್ಟವನು ದೊಡ್ಡವನಾದ. ಈ ನ್ಯಾಯದಂತೆ ನೋಡಿದರೆ ಅಂಜದೀವದ ಹುಲ್ಲಿನ ಮಾಡು ಹೊದಿಸಿದವರಿಗೆ ಯಾವ ಕೋರ್ಟಿನಲ್ಲಿಯೂ ಜಾಗವಿಲ್ಲ.

1974ರಲ್ಲಿ ಕಚ್ಚತೀವು ದ್ವೀಪ ಶ್ರೀಲಂಕೆಯದೆಂದು ನಮ್ಮ ಸರಕಾರ ಒಪ್ಪಿಕೊಂಡಿತು. ಅದಕ್ಕಾಗಿ ತಮಿಳುನಾಡಿನಲ್ಲಿ ಇಂದಿಗೂ ಸಿಟ್ಟಿದೆ. ಮೀನುಗಾರರು ಕಳೆದುಕೊಂಡದ್ದು ದೊಡ್ಡದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೂ ಆ ಒಪ್ಪಂದದಲ್ಲಿ, ಅಲ್ಲಿನ ಸಂತ ಅಂತೋಣಿಯ ಜಾತ್ರೆಗೆ ಹೋಗುವ ನಮ್ಮ ಯಾತ್ರಿಕರಿಗೆ ಪಾಸ್‌ಪೋರ್ಟ್, ವೀಸಾ ಬೇಡ ಎಂದು ಬರೆದಿದ್ದಾರೆ. ಜಾತ್ರೆ ಈಗಲೂ ನಡೆಯುತ್ತದೆ, ನಮ್ಮ ಹೆಂಗಸರೂ ದೋಣಿ ಹತ್ತಿ ಹೋಗಿ ಮೊಂಬತ್ತಿ ಹಚ್ಚಿ ಬರುತ್ತಾರೆ. ಬೇರೆ ದೇಶದ ದ್ವೀಪಕ್ಕೆ ಹೋಗಿ ಬರುತ್ತಾರೆ ಎಂಬುದನ್ನು ಗಮನಿಸಿ.

ನಮ್ಮದೇ ದೇಶದ ಅಂಜದೀವದಲ್ಲಿ ಫೆಬ್ರವರಿ 2ಕ್ಕೆ ಚಿಲುಮೆಯ ಮಾತೆಯ ಹಬ್ಬವಾಗುತ್ತಿತ್ತು. ಗೋವೆಯಿಂದ ಜನ ದೋಣಿಯಲ್ಲಿ ಬರುತ್ತಿದ್ದರು. ದ್ವೀಪ ನೌಕಾನೆಲೆಗೆ ಸೇರಿದ ಮೇಲೆ ಸಾಮಾನ್ಯರು ಹೋಗುವಂತಿಲ್ಲ. ಹಬ್ಬಕ್ಕಾದರೂ ಬಿಡಿ ಎಂದು ಅವರು ಕೇಳುತ್ತ ಬಂದಿದ್ದಾರೆ. ಈಚೆ ದಡದಲ್ಲಿ, 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ಯೋಜನೆಗಾಗಿ ಕಾರವಾರ, ಅಂಕೋಲೆಯ ಹದಿಮೂರು ಹಳ್ಳಿಗಳ ನಾಲ್ಕು ಸಾವಿರದಷ್ಟು ಕುಟುಂಬಗಳು ಮನೆ, ಗದ್ದೆ, ದೋಣಿ ನಿಲ್ಲಿಸುವ ದಡ ಬಿಟ್ಟು ಎದ್ದವು. ದೇಶಕ್ಕೆ ನೌಕಾನೆಲೆ ಬೇಕು, ಬೇಡವೆನ್ನುವಷ್ಟು ದಡ್ಡಳಲ್ಲ ನಾನು. ಆದರೆ ದ್ವೀಪ ಗೋವೆಯದೋ ಕರ್ನಾಟಕದ್ದೋ ಎಂದು ಪತ್ರಿಕೆಗಳಿಗೆ ಬರೆಯುವ ಮಹನೀಯರು ಎದ್ದುಹೋದ ಇವರನ್ನೂ, ಹಬ್ಬ ತಪ್ಪಿದ ಅವರನ್ನೂ ಒಂದು ಸಾಲಿನಲ್ಲಿ ಸೇರಿಸಿ ಬರೆದದ್ದನ್ನು ನಾನು ಕಂಡಿಲ್ಲ. ಗಡಿ ಯಾರದಾದರೂ ದಾರಿ ಕಟ್ಟಾದದ್ದು ಇಬ್ಬರಿಗೂ.

ಈಗ ಬಿಣಗಾದ ಕಡೆಯಿಂದ ಸಮುದ್ರದೊಳಗೆ ಬಂಡೆ ತುಂಬಿ ತಡೆಗೋಡೆ ಕಟ್ಟಿದ್ದಾರೆ, ದ್ವೀಪ ದಡಕ್ಕೆ ಕೂಡಿಕೊಂಡಿದೆ. ಕಾರವಾರದಿಂದ ಅಂಕೋಲೆಗೆ ಹೋಗುವ ಬಸ್ಸಿನಲ್ಲಿ ಬಲಗಡೆಯ ಕಿಟಕಿ ಹಿಡಿದು ಕೂತರೆ ಕಾಣುತ್ತದೆ. ಈ ವರ್ಷ ಒಂಬತ್ತನೆಯ ತರಗತಿಗೆ ಗಾಮನ ಪಾಠ ಬಂದಾಗ ದಿನಚರಿಯ ಆ ಎರಡು ಪುಟಗಳನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಆ ಹಾಲು ತಂದವರು ಮರುದಿನವೂ ಬಂದರೇನು ಬಾಯಿ ಎಂದು ಕೇಳಿದಳು. ಅಲ್ಲಿದ್ದ ಹನ್ನೆರಡು ದಿನವೂ ದಡದವರು ಮಾರಲು ತಂದ ಮೀನು, ಕುಂಬಳ, ಸವತೆಕಾಯಿ ತಿಂದೆವು ಎಂದು ಅವನು ಬರೆದಿದ್ದಾನೆ ಎಂದೆ.