ಸಮಸ್ಯಾಪೂರಣ ಪರಂಪರೆ ಮತ್ತು ಪಾರ್ಶ್ವಾಭ್ಯುದಯ

ಸಭೆಯಲ್ಲಿ ಕವಿಗೆ ಒಂದು ಪಾದವನ್ನು ಕೊಟ್ಟು, ಉಳಿದ ಪಾದಗಳನ್ನು ಅಲ್ಲಿಯೇ ರಚಿಸಿ ಪದ್ಯವನ್ನು ಪೂರ್ಣಗೊಳಿಸುವಂತೆ ಕೇಳುವ ಪದ್ಧತಿಯು ಬಹು ಪ್ರಾಚೀನವಾದುದು. ವಾತ್ಸ್ಯಾಯನನು ಅರುವತ್ತನಾಲ್ಕು ಕಲೆಗಳಲ್ಲಿ ಕಾವ್ಯಸಮಸ್ಯಾಪೂರಣವನ್ನೂ ಎಣಿಸಿದ್ದಾನೆ. ಕೊಟ್ಟ ಪಾದವು ಸಾಮಾನ್ಯವಾಗಿ ಅಸಂಗತವಾಗಿಯೋ ಅನುಚಿತವಾಗಿಯೋ ತೋರುತ್ತದೆ. ಅದರ ಒಂದಕ್ಷರವನ್ನೂ ಬದಲಿಸದೆ, ತಕ್ಕ ಸಂದರ್ಭವನ್ನು ಕಲ್ಪಿಸಿ ಅದನ್ನು ಸಂಗತಗೊಳಿಸುವುದೇ ಕವಿಯ ಕರ್ತವ್ಯ. ಇಂದಿನ ಅವಧಾನಗಳಲ್ಲಿಯೂ ಈ ನಿಯಮವೇ ನಡೆದುಬಂದಿದೆ. ಜೈನ ವಾಙ್ಮಯದಲ್ಲಿ ಈ ಕಲೆಯ ಶ್ರೇಷ್ಠ ಫಲವೆಂದರೆ ಜಿನಸೇನಾಚಾರ್ಯರ ಪಾರ್ಶ್ವಾಭ್ಯುದಯ. ಆದರೆ ಅದನ್ನು ಸಭಾಚಮತ್ಕಾರವೆಂದು ಓದುವ ರೂಢಿಯಿಂದ ಕಾವ್ಯಕ್ಕೂ ಕರ್ತೃವಿಗೂ ಅನ್ಯಾಯವಾಗಿದೆ.

ಈ ರೂಢಿಗೆ ಮೂಲವು ಯೋಗಿರಾಜ ಪಂಡಿತಾಚಾರ್ಯರ ಟೀಕೆಯಲ್ಲಿ ಬರುವ ಕಥೆ. ಅದರಂತೆ, ಕಾಳಿದಾಸನು ಬಂಕಾಪುರದಲ್ಲಿ ಅಮೋಘವರ್ಷನ ಸಭೆಗೆ ಬಂದು, ಮೇಘದೂತವನ್ನು ಓದಿ, ಅಲ್ಲಿನ ವಿದ್ವಾಂಸರನ್ನು ಅವಗಣಿಸಿದನು. ಆಗ ವಿನಯಸೇನರ ಪ್ರೇರಣೆಯಿಂದ ಜಿನಸೇನರು, ಇದು ಪುರಾತನ ಕೃತಿಯೊಂದರಿಂದ ಕದ್ದುದೆಂದು ಹೇಳಿ, ಆ ಕೃತಿಯನ್ನು ದೂರದ ಊರಿನಿಂದ ತರಿಸಲು ಎಂಟು ದಿನಗಳ ಅವಧಿ ಪಡೆದು, ಒಮ್ಮೆ ಕೇಳಿದ ಪಾದಗಳನ್ನೆಲ್ಲ ಒಳಗೊಂಡ ಹೊಸ ಕಾವ್ಯವನ್ನು ರಚಿಸಿ ಓದಿದರು. ಬಳಿಕ ನಿಜವನ್ನು ತಿಳಿಸಿದರು.

ಈ ಕಥೆಯು ಇತಿಹಾಸಕ್ಕೆ ನಿಲ್ಲುವುದಿಲ್ಲ. ಅಮೋಘವರ್ಷನ ಆಳಿಕೆಯು ಕ್ರಿ.ಶ. 814ರಿಂದ 878ರವರೆಗಿನದು. ಐಹೊಳೆಯ ಮೇಗುಟಿ ಜಿನಾಲಯದ ಕ್ರಿ.ಶ. 634ರ ಶಾಸನದಲ್ಲಿಯೇ ರವಿಕೀರ್ತಿಯು ಕಾಳಿದಾಸನನ್ನು ಕೀರ್ತಿವಂತ ಕವಿಯೆಂದು ಹೆಸರಿಸಿದ್ದಾನೆ. ಟೀಕಾಕಾರರಾದರೋ ಎರಡನೆಯ ಹರಿಹರನ ದಂಡನಾಥನಾದ ಇರುಗಪನ ನಾನಾರ್ಥರತ್ನಮಾಲೆಯನ್ನು ಉದ್ಧರಿಸುವುದರಿಂದ, ಜಿನಸೇನರಿಗಿಂತ ಸುಮಾರು ಐದು ಶತಮಾನಗಳಷ್ಟಾದರೂ ಈಚಿನವರು. ಬೇರೆ ಬೇರೆ ಕಾಲದ ಕಾಳಿದಾಸ, ಭವಭೂತಿ, ಮಾಘರನ್ನು ಒಂದೇ ಆಸ್ಥಾನದಲ್ಲಿ ಕೂರಿಸುವ ಬಲ್ಲಾಳನ ಭೋಜಪ್ರಬಂಧದ ಕಥೆಗಳ ಜಾತಿಗೇ ಇದೂ ಸೇರುತ್ತದೆ.

ಕಾಲವಿರೋಧಕ್ಕಿಂತ ಗುರುತರವಾದ ಆಕ್ಷೇಪ ಇನ್ನೊಂದಿದೆ. ಸತ್ಯಮಹಾವ್ರತಿಯಾದ ಆಚಾರ್ಯರು ತುಂಬಿದ ಸಭೆಯಲ್ಲಿ ಪರರ ಮೇಲೆ ಸುಳ್ಳಾಗಿ ಚೌರ್ಯದ ಆರೋಪ ಹೊರಿಸಿದರೆಂದು ಈ ಕಥೆ ಹೇಳುತ್ತದೆ. ಜಯವನ್ನು ಹೊಗಳುವ ಭರದಲ್ಲಿ ಅದು ವ್ರತವನ್ನೇ ಮರೆತಿದೆ. ಕಾವ್ಯಾಂತ್ಯದ ಪದ್ಯವಾದರೋ, ಈ ಕೃತಿಯು ಕಾಳಿದಾಸನ ಮೇಘವನ್ನು ಆವರಿಸಿ ರಚಿತವಾದುದೆಂದು ಮರೆಮಾಚದೆ ಸಾರುತ್ತದೆ. ಅನ್ಯಕಾವ್ಯಗಳನ್ನು ಮಂಕಾಗಿಸಿತೆಂಬ ಕವಿಯ ಹೆಮ್ಮೆಯೂ ಅಲ್ಲಿದೆ. ಆದರೆ ಸ್ಪರ್ಧೆಯ ಉತ್ಸಾಹ ಬೇರೆ, ಅಪವಾದ ಬೇರೆ. ವಿನಯಸೇನರ ಪ್ರೇರಣೆಯೊಂದೇ ಕಥೆಗೆ ಕಾವ್ಯದಿಂದ ದೊರೆಯುವ ಆಧಾರ.

ಕಾವ್ಯದ ರಚನೆಯೂ ಸಭಾಸಮಸ್ಯೆಗಿಂತ ಭಿನ್ನವಾದುದು. ಸಭೆಯಲ್ಲಿ ಕವಿಯು ಬಿಡಿಪದ್ಯವೊಂದನ್ನು ಪೂರ್ಣಗೊಳಿಸಿದರೆ ಸಾಕು. ಇಲ್ಲಿ ಮೇಘದೂತದ 120 ಪದ್ಯಗಳ ಪಾದಗಳೆಲ್ಲವೂ, ನಾಲ್ಕು ಸರ್ಗಗಳ 364 ಪದ್ಯಗಳಲ್ಲಿ, ಒಂದೊಂದು ಪಾದವಾಗಿಯೋ ಎರಡೆರಡು ಪಾದಗಳಾಗಿಯೋ ಹೆಣೆದುಕೊಂಡಿವೆ. ವಿಕ್ರಮನ ನೇಮಿದೂತವು ಪ್ರತಿ ಪದ್ಯದ ಕೊನೆಯ ಪಾದವನ್ನು ಮಾತ್ರ ತೆಗೆದುಕೊಂಡುದನ್ನು ನೆನೆದರೆ ಈ ಹೊಣೆಯ ಭಾರ ತಿಳಿಯುತ್ತದೆ. ಆದರೆ ನಿಜವಾದ ಸಮಸ್ಯೆ ಪಾದದ್ದಲ್ಲ, ರಸದ್ದು. ವಿರಹಿ ಯಕ್ಷನ ಶೃಂಗಾರೋಕ್ತಿಗಳು ತಪೋನಿರತ ತೀರ್ಥಂಕರನ ಚರಿತೆಯಲ್ಲಿ ಹೇಗೆ ಸಲ್ಲಬೇಕು? ಜಿನಸೇನರು ಮೇಘಸಂದೇಶವನ್ನು, ಹಿಂದೆ ಕಮಠನಾಗಿದ್ದು ವೈರವನ್ನು ಬಿಡದ ಶಂಬರನ ಬಾಯಲ್ಲಿರಿಸಿದರು. ಯುದ್ಧದಲ್ಲಿ ಮಡಿದು ಮೇಘವಾಗಿ ಅಲಕೆಗೆ ಹೋಗೆಂದು ಅವನು ಮುನಿಯನ್ನು ಕೆಣಕುತ್ತಾನೆ. ಅಲ್ಲಿಗೆ ಶೃಂಗಾರವೇ ಉಪಸರ್ಗವಾಗಿ ಪರಿಣಮಿಸುತ್ತದೆ. ಪಾರ್ಶ್ವನ ಮೌನವೇ ಅದಕ್ಕೆ ಉತ್ತರವಾಗುತ್ತದೆ. ಅಕ್ಷರ ಬದಲಾಗದೆ ಅರ್ಥ ಬದಲಾಗಬೇಕೆಂಬ ಸಮಸ್ಯಾನಿಯಮವು ಇಡೀ ಕಾವ್ಯದ ತತ್ತ್ವವಾಗಿರುವುದು ಇಲ್ಲಿಯೇ. ಕೆಲವೆಡೆ ಪಾದಗಳ ನಿರ್ಬಂಧದಿಂದ ಅನ್ವಯವು ಕ್ಲಿಷ್ಟವಾಗಿ, ಕಥೆಯು ಮಂದಗತಿಯಾಗಿರುವುದನ್ನು ಅಲ್ಲಗಳೆಯಲಾಗದು.

ಕೊಟ್ಟ ಪಾದವನ್ನು ಮುಟ್ಟಬಾರದೆಂಬ ಈ ನಿಯಮವೇ ಗ್ರಂಥಸಂಪಾದನೆಗೂ ಉಪಕರಿಸಿದೆ. ಕಾಶೀನಾಥ ಬಾಪೂಜಿ ಪಾಠಕರು 1894ರಲ್ಲಿ ಪಾರ್ಶ್ವಾಭ್ಯುದಯದ ಆಧಾರದಿಂದ ಮೇಘದೂತವನ್ನು ಪ್ರಕಟಿಸಿದರು. ಕಾಶ್ಮೀರದ ವಲ್ಲಭದೇವನು ವ್ಯಾಖ್ಯಾನಿಸಿದ ಪದ್ಯಗಳು 111 ಆದುದರಿಂದ, ಒಂಬತ್ತನೆಯ ಶತಮಾನದ ವೇಳೆಗೆ ಕರ್ಣಾಟಕದಲ್ಲಿ ಪ್ರಚಲಿತವಾಗಿದ್ದ ಪಾಠದಲ್ಲಿ ಪ್ರಕ್ಷೇಪಗಳೂ ಸೇರಿದ್ದಿರಬಹುದು. ಪ್ರಾಚೀನ ಸಾಕ್ಷಿಯೆಂದ ಮಾತ್ರಕ್ಕೆ ಅದು ಮೂಲಪಾಠವಾಗದು. ಮೇಲಾಗಿ, ಮೇಘದೂತವು ಕಂಠಸ್ಥವಾಗಿದ್ದ ಲಿಪಿಕಾರನು ಪಾರ್ಶ್ವಾಭ್ಯುದಯವನ್ನು ಪ್ರತಿಮಾಡುವಾಗ ಎರವಲು ಪಾದವನ್ನು ತಾನು ಬಲ್ಲ ಪಾಠಕ್ಕೆ ತಿದ್ದುವ ಸಂಭವವುಂಟು. ಆದಕಾರಣ, ಜಿನಸೇನರ ಸ್ವಂತ ಪಾದಗಳ ಅನ್ವಯ, ಲಿಂಗ, ವಿಭಕ್ತಿಗಳು ಎರವಲು ಪಾದದ ಯಾವ ಪದವನ್ನು ಅವಲಂಬಿಸಿವೆಯೋ ಆ ಪದದ ಪಾಠವನ್ನು ಮಾತ್ರ ಅವರು ಕಂಡ ಪಾಠವೆಂದು ದೃಢವಾಗಿ ಹೇಳಬಹುದು. ಉಳಿದೆಡೆ ಹಸ್ತಪ್ರತಿಗಳ ತುಲನೆ ಅನಿವಾರ್ಯ.

ಸಭೆಯ ಆಶುಪದ್ಯಕ್ಕೆ ಕೇಳಿದವರ ನೆನಪೇ ಗ್ರಂಥಭಂಡಾರ. ಪಾರ್ಶ್ವಾಭ್ಯುದಯವು ಆ ಕಲೆಯ ನಿಯಮವನ್ನು ಓಲೆಗರಿಗೆ ತಂದು, ಪರಕವಿಯ ಕಾವ್ಯವನ್ನೂ ತನ್ನೊಳಗೆ ಕಾಪಾಡಿತು. ಎಂಟು ದಿನಗಳ ಕಥೆಯನ್ನು ಬಿಟ್ಟುಕೊಡುವುದರಿಂದ ಜಿನಸೇನರ ಕೀರ್ತಿಗೆ ಯಾವ ಕುಂದೂ ಇಲ್ಲ. ಅವರ ವ್ರತದ ಮೇಲೆ ಬಿದ್ದ ಒಂದು ಕಲೆ ಅಳಿದಂತಾಗುತ್ತದೆ.